ಸಹಾಯ ಬೇಕು: ಕಾರ್ಡ್ ಮೇಲೇ ಇದ್ದರೂ ರೀಡರ್ 'ಇಲ್ಲ' ಅನ್ನುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿಗೆ ಕಣ್ಣು ಮಂಜು. ಟಚ್ ಸ್ಕ್ರೀನ್‌ನಲ್ಲಿ ಎಲ್ಲಿ ಒತ್ತಬೇಕು ಅಂತ ಬೆರಳಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೆ ಅವರಿಗೊಂದು ಮರದ ಪೆಟ್ಟಿಗೆ ಮಾಡುತ್ತಿದ್ದೇನೆ. ಒಳಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಹತ್ತಿರ ಇಟ್ಟ ಕಾರ್ಡನ್ನು ರೇಡಿಯೋ ಅಲೆಯಿಂದ ಓದುವ ಆರ್‌ಸಿ522 ರೀಡರ್. ಮೇಲೆ ಕಾರ್ಡ್ ಇಟ್ಟರೆ ಹಾಡು ಶುರುವಾಗಬೇಕು, ಎತ್ತಿದರೆ ನಿಲ್ಲಬೇಕು. ದಾಸರ ಪದದ ಕಾರ್ಡಿಗೆ ತುಳಸಿ ಮಣಿ, ಯಕ್ಷಗಾನದ್ದಕ್ಕೆ ಗೆಜ್ಜೆ ಅಂಟಿಸಿದ್ದೇನೆ. ಸವರಿದ ಕೂಡಲೇ ಯಾವುದು ಅಂತ ಅಜ್ಜಿ ಹೇಳಿಬಿಡುತ್ತಾರೆ. ಅದನ್ನು ನೋಡುವುದೇ ಒಂದು ಖುಷಿ.

ತೊಂದರೆ ಏನೆಂದರೆ, ಕಾರ್ಡ್ ಅಲ್ಲಾಡದೆ ಕೂತಿದ್ದರೂ ರೀಡರ್ ಒಂದು ಸಲ 'ಇದೆ' ಅನ್ನುತ್ತದೆ, ಮರುಕ್ಷಣ 'ಇಲ್ಲ'. ಹಾಡು ತುಂಡು ತುಂಡಾಗಿ ಬರುತ್ತದೆ. ಗೆಜ್ಜೆಯ ಲೋಹದಿಂದ ಇರಬಹುದು ಅಂತ ಏನೂ ಅಂಟಿಸದ ಕಾರ್ಡ್ ಇಟ್ಟೆ, ಅದೇ ಕಥೆ. ವೈರುಗಳನ್ನು ಮತ್ತೆ ಬೆಸುಗೆ ಹಾಕಿದೆ, 3.3 ವೋಲ್ಟ್ ಸರಿಯಾಗಿ ಬರುತ್ತಿದೆ. ಬೇರೆ ರೀಡರ್ ಹಾಕಿದರೂ ಹಾಗೇ. ಹಾಗಾಗಿ ಇದು ಪೈಥಾನ್ ಕೋಡಿನ ಕಡೆಯದ್ದು ಅನ್ನಿಸುತ್ತಿದೆ. ಒಮ್ಮೆ ಓದಿಸಿಕೊಂಡ ಕಾರ್ಡ್ ಮುಂದಿನ 'ರೆಕ್ವೆಸ್ಟ್'ಗೆ (ಕಾರ್ಡ್ ಇದೆಯಾ ಅಂತ ರೀಡರ್ ಪದೇ ಪದೇ ಕೇಳುವ ಕರೆಗೆ) ಉತ್ತರ ಕೊಡುವುದಿಲ್ಲ, ಅದರ ನಂತರದ್ದಕ್ಕೆ ಕೊಡುತ್ತದೆ, ಅಲ್ವಾ?

ಈಗ ನಾನು ಸತತ ಎರಡು ಸಲ 'ಇಲ್ಲ' ಬಂದರೆ ಮಾತ್ರ ಹಾಡು ನಿಲ್ಲಿಸಿದರೆ ಸಾಕಾ? ಅಥವಾ ಪ್ರತಿ ಸಲ ಓದಿದ ಮೇಲೆ ಕಾರ್ಡಿಗೆ 'ಹಾಲ್ಟ್' (ಸುಮ್ಮನಿರು ಅನ್ನುವ ಆದೇಶ) ಕಳಿಸಿ, 'ವೇಕ್ ಅಪ್' ಆದೇಶದಿಂದ ಎಬ್ಬಿಸಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.