ಇಂಟರ್ನೆಟ್ ಬಂದ್ ಮಾಡುವ ಅಧಿಕಾರ ಸರ್ಕಾರಕ್ಕೆ ಇರಬೇಕಾ? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೊಬೈಲ್ ರಿಪೇರಿ ಅಂಗಡಿಯವರು, ಮಂಗಳೂರು): ನಮಸ್ಕಾರ ಮೇಡಂ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆಯ ಗಲಾಟೆ ವೇಳೆ ನಮ್ಮೂರಲ್ಲಿ ಎರಡು ದಿನ ಮೊಬೈಲ್ ನೆಟ್ ಇರಲಿಲ್ಲ. ಈಗ ಹಾಗಾದರೆ ಶಟರ್ ಎಳೆಯಬೇಕಷ್ಟೇ, ಗಿರಾಕಿಗಳೆಲ್ಲ ಫೋನ್‌ಪೇನೇ. ಇದಕ್ಕೆ ಆರ್ಡರ್ ಹಾಕುವವರು ಯಾರು, ಡಿಸಿನಾ?

ಉತ್ತರ: ಅಲ್ಲ. 2017ಕ್ಕಿಂತ ಮುಂಚೆ ಎಷ್ಟೋ ಕಡೆ 144ನೇ ಸೆಕ್ಷನ್ ಹಿಡಿದು ಜಿಲ್ಲಾ ಮಟ್ಟದಲ್ಲೇ ನಿಲ್ಲಿಸುತ್ತಿದ್ದರು. ಆ ವರ್ಷ ಇದಕ್ಕೇ ಅಂತ ನಿಯಮ ಬಂತು, 2024ರಲ್ಲಿ ಅದರ ಜಾಗಕ್ಕೆ ಹೊಸದು. ಎರಡರಲ್ಲೂ ಸಹಿ ಗೃಹ ಕಾರ್ಯದರ್ಶಿಯದ್ದು. ತೀರಾ ತುರ್ತಾದರೆ ಜಂಟಿ ಕಾರ್ಯದರ್ಶಿ ದರ್ಜೆಯವರು ಹಾಕಬಹುದು, ಆದರೆ 24 ಗಂಟೆಯೊಳಗೆ ಮೇಲಿನವರು ಒಪ್ಪದಿದ್ದರೆ ಆದೇಶ ಬಿದ್ದುಹೋಗುತ್ತದೆ. ಒಂದು ಆದೇಶಕ್ಕೆ ಗರಿಷ್ಠ 15 ದಿನ.

ಆಮೇಲೆ ಮುಖ್ಯ ಕಾರ್ಯದರ್ಶಿಯ ಸಮಿತಿ ಐದು ಕೆಲಸದ ದಿನಗಳೊಳಗೆ ಅದನ್ನು ಪರಿಶೀಲಿಸಬೇಕು. ನಿಮ್ಮೂರಿನದು 48 ಗಂಟೆಯ ಆದೇಶ. ಸಮಿತಿ ಕೂರುವ ಹೊತ್ತಿಗೆ ನೆಟ್ ವಾಪಸ್ ಬಂದಿರುತ್ತದೆ! ಮೇಲಾಗಿ ಸಮಿತಿಯಲ್ಲಿ ಇರುವವರೆಲ್ಲ ಸರ್ಕಾರದ ಕಾರ್ಯದರ್ಶಿಗಳೇ. ಹೊರಗಿನವರು ಒಬ್ಬರೂ ಇಲ್ಲ.

ಪ್ರಶ್ನೆ (ಶಿಕ್ಷಕರು, ಹುಬ್ಬಳ್ಳಿ): ಸುಳ್ಳು ವಿಡಿಯೋ ನೋಡಿ ಜನ ಕಲ್ಲು ಎತ್ತಿಕೊಳ್ಳುವಂತಿದ್ದರೆ ನಿಲ್ಲಿಸೋದೇ ಸರಿ ಅಲ್ವಾ?

ಉತ್ತರ: ಕೆಲವು ಗಂಟೆ, ಗಲಾಟೆ ಇರುವಷ್ಟು ಜಾಗಕ್ಕೆ, ಕಾರಣ ಬರೆದು ನಿಲ್ಲಿಸಿದರೆ ನನ್ನ ತಕರಾರಿಲ್ಲ. ಮಂಗಳೂರಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತ ರಾತ್ರಿ ಭಯ ಇದ್ದದ್ದು ನಿಜ. ಆದರೆ ಸುಳ್ಳು ನಿಂತರೆ ನಿಜವೂ ನಿಲ್ಲುತ್ತದೆ, ಸರ್. ಮಣಿಪುರ ನೋಡಿ. 2023ರ ಮೇ 3ರಂದು ಮೊಬೈಲ್ ನೆಟ್ ಹೋಯಿತು. ಮರುದಿನ ಇಬ್ಬರು ಹೆಂಗಸರನ್ನು ಬೆತ್ತಲೆ ಮೆರವಣಿಗೆ ಮಾಡಿದರು. ಆ ವಿಡಿಯೋ ಹೊರಗೆ ಬಂದದ್ದು ಜುಲೈ 19ಕ್ಕೆ. ಅಷ್ಟು ದಿನ ನೆಟ್ ಇಲ್ಲದಿದ್ದರೂ ಹಿಂಸೆ ನಿಂತಿರಲಿಲ್ಲ. ಆದೇಶದ ಮೇಲೆ ಆದೇಶ ಹಾಕುತ್ತಾ ಸೆಪ್ಟೆಂಬರ್‌ವರೆಗೆ ಎಳೆದರು.

ಇನ್ನು ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾರೆ ಅಂತ ನೆಟ್ ಬಂದ್ ಮಾಡುವುದು. 2021ರಲ್ಲಿ ರಾಜಸ್ಥಾನದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಹಾಗೆ ಮಾಡಿದರು. ಪರೀಕ್ಷೆ ನಡೆಸಲು ಬಾರದಿದ್ದರೆ ಊರಿಗೇಕೆ ಶಿಕ್ಷೆ?

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಕಲಬುರಗಿ): ಇಂಟರ್ನೆಟ್ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದೆಯಲ್ಲಾ ಮೇಡಂ?

ಉತ್ತರ: ಪೂರ್ತಿ ಹಾಗಲ್ಲಮ್ಮ. ಕಾಶ್ಮೀರದ ನೆಟ್ ಬಂದ್ ಪ್ರಶ್ನಿಸಿದ ಅನುರಾಧಾ ಭಾಸಿನ್ ಪ್ರಕರಣ, 2020ರ ಜನವರಿ 10ರ ತೀರ್ಪು. ನೆಟ್ ಮೂಲಕ ಮಾತಾಡುವುದಕ್ಕೆ, ವ್ಯಾಪಾರ ಮಾಡುವುದಕ್ಕೆ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ ಎಂದಿತು. ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ಆದೇಶವನ್ನು ಪ್ರಕಟಿಸಲೇಬೇಕು ಎಂದಿತು. ಆ ಕೊನೆಯ ಮಾತೇ ನನಗೆ ದೊಡ್ಡದು. ಕಾಶ್ಮೀರದಲ್ಲಿ ನೆಟ್ ಹೋಗಿ ಐದು ತಿಂಗಳಾಗಿದ್ದರೂ ಎಲ್ಲ ಆದೇಶಗಳು ಕೋರ್ಟಿನ ಮುಂದೆಯೇ ಬಂದಿರಲಿಲ್ಲ. ಕಾಗದವೇ ಇಲ್ಲದೆ ಯಾವುದನ್ನು ಪ್ರಶ್ನೆ ಮಾಡೋದು? ಹಾಗಂತ ಕೋರ್ಟ್ ತಾನೇ ನೆಟ್ ಬಿಡಿಸಲಿಲ್ಲ, ನೀವೇ ಮರುಪರಿಶೀಲಿಸಿ ಎಂದು ಸರ್ಕಾರಕ್ಕೆ ಬಿಟ್ಟಿತು. ಅಲ್ಲಿ 4ಜಿ ಪೂರ್ತಿ ಬಂದದ್ದು 2021ರ ಫೆಬ್ರವರಿಯಲ್ಲಿ.

ಹಾಗಾಗಿ ಅಧಿಕಾರ ಇರಲಿ, ಆದರೆ ನೆಟ್ ಹೋಗುವ ಮುಂಚೆಯೇ ಆದೇಶ ಜನರ ಕೈಗೆ ಸಿಗಲಿ, ಸಮಿತಿಯಲ್ಲಿ ನಿವೃತ್ತ ನ್ಯಾಯಾಧೀಶರಾದರೂ ಇರಲಿ ಅನ್ನುವವಳು ನಾನು.

ಪ್ರಶ್ನೆ (ಮಂಗಳೂರಿನ ಅಂಗಡಿಯವರು): ಹೋದ ವ್ಯಾಪಾರಕ್ಕೆ ಪರಿಹಾರ ಸಿಗುತ್ತಾ?

ಉತ್ತರ: ನಿಯಮದಲ್ಲಿ ಆ ಮಾತೇ ಇಲ್ಲ. ಆದೇಶದ ಪ್ರತಿ ಹಿಡಿದು ಹೈಕೋರ್ಟಿಗೆ ರಿಟ್ ಹಾಕಬಹುದು. ಅದು ಸುಮ್ನೆ ಒಂದು ದಿನದ ಕೆಲಸ ಅಲ್ಲ, ಖರ್ಚೂ ಜಾಸ್ತಿ. ನಾಲ್ಕು ಅಂಗಡಿಯವರು ಒಟ್ಟಿಗೆ ಬನ್ನಿ. ಸದ್ಯಕ್ಕೆ ಗಿರಾಕಿಗಳಿಗೆ *99# ಡಯಲ್ ಮಾಡಿ ಹಣ ಕಳಿಸುವುದನ್ನು ತೋರಿಸಿಕೊಡಿ. ಡೇಟಾ ಇಲ್ಲದೆ ಒಂದು ಸಲಕ್ಕೆ ₹5,000ದವರೆಗೆ ಕಳಿಸಬಹುದು. ಕರೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಅದೂ ನಡೆಯುತ್ತದೆ. ಯುಪಿಐ ಪಿನ್ ಮಾತ್ರ ಮೊದಲೇ ಮಾಡಿಟ್ಟುಕೊಂಡಿರಬೇಕು.