ಅಪ್‌ಡೇಟ್: ಅಪ್ಪನ ಆಸ್ಪತ್ರೆ ಬಿಲ್ ಮತ್ತು ಇಸಿಎಚ್‌ಎಸ್

ಹೋದ ತಿಂಗಳು ಕೇಳಿದ್ದೆನಲ್ಲ, ಮಾಜಿ ಸೈನಿಕರಾದ ಅಪ್ಪನನ್ನು ಎದೆನೋವು ಅಂತ ರಾತ್ರೋರಾತ್ರಿ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದ್ದೇವೆ, ದುಡ್ಡು ವಾಪಸ್ ಸಿಗುತ್ತದಾ ಅಂತ. ಸಿಗುತ್ತದೆ. ತುರ್ತು ಇದ್ದರೆ ರೆಫರಲ್ ಬೇಡ, ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ (ಇಸಿಎಚ್‌ಎಸ್‌ನದೇ ಚಿಕಿತ್ಸಾ ಕೇಂದ್ರ) ತಿಳಿಸಬೇಕು. ತಮ್ಮ ಮರುದಿನವೇ ಹೋಗಿ ಹೇಳಿದ್ದ, ಅದೇ ನಮ್ಮನ್ನು ಉಳಿಸಿತು.

ಬಿಲ್‌ಗಳು, ಡಿಸ್ಚಾರ್ಜ್ ಸಮರಿ, ತುರ್ತು ಪ್ರಮಾಣಪತ್ರ ಎಲ್ಲ ಕೊಟ್ಟಿದ್ದೇವೆ. ಒಂದು ಪೇಚು: ಸರ್ಕಾರ ಒಪ್ಪಿದ ದರದಷ್ಟೇ ಕೊಡುತ್ತಾರೆ, ಉಳಿದದ್ದು ನಮ್ಮ ಜೇಬಿನಿಂದ. ಇದು ಮೊದಲೇ ಗೊತ್ತಿರಲಿಲ್ಲ.

2003ರಲ್ಲಿ ಯೋಜನೆ ಶುರುವಾಗುವ ಮುಂಚೆ ನಿವೃತ್ತ ಸೈನಿಕರಿಗೆ ಇಷ್ಟೂ ಇರಲಿಲ್ಲವಂತೆ, ಅಪ್ಪನ ಮಾತು. ದುಡ್ಡು ಇನ್ನೂ ಬಂದಿಲ್ಲ. ಅಪ್ಪ ಮಾತ್ರ ಆರಾಮ, ಬೆಳಿಗ್ಗೆ ವಾಕಿಂಗೂ ಶುರು ಮಾಡಿದ್ದಾರೆ.