ಅಪ್‌ಡೇಟ್: ಹಳೆ ಕ್ಯಾಮೆರಾ ಕಾರ್ಡ್ ಓದಿತು!

2004ರ ಡಿಜಿಟಲ್ ಕ್ಯಾಮೆರಾಗೆ 32 ಜಿಬಿ ಕಾರ್ಡ್ ಹಾಕಿದರೆ ‘ಕಾರ್ಡ್ ಎರರ್’ ಬರುತ್ತಿದೆ, ಕ್ಯಾಮೆರಾ ಕೆಟ್ಟಿದೆಯಾ ಎಂದು ಕೇಳಿದ್ದೆ. ಕೆಟ್ಟಿಲ್ಲ. ತಪ್ಪು ನನ್ನದೇ.

ಉತ್ತರ ಬರುವ ಮೊದಲೇ ಒಂದು ಸಾಹಸ ಮಾಡಿದ್ದೆ. ಕಾರ್ಡಿನಲ್ಲಿ 2 ಜಿಬಿಯ ಪಾರ್ಟಿಷನ್ (ಪ್ರತ್ಯೇಕ ಭಾಗ) ಮಾಡಿ, ಫ್ಯಾಟ್16 ಎಂಬ ಹಳೆ ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿ ಹಾಕಿದೆ. ಮತ್ತೆ ಅದೇ ಎರರ್. ಒಂದು ಸಂಜೆ ಸುಮ್ನೆ ಹಾಳು. ಯಾಕೆಂದರೆ ತೊಂದರೆ ಇರುವುದು ಫಾರ್ಮ್ಯಾಟಿನಲ್ಲಿ ಅಲ್ಲ. ಹಳೆ ಎಸ್‌ಡಿ ಕಾರ್ಡಿಗೆ ಕ್ಯಾಮೆರಾ ಡೇಟಾ ಇರುವ ಜಾಗದ ವಿಳಾಸವನ್ನು ಬೈಟ್ ಲೆಕ್ಕದಲ್ಲಿ ಹೇಳುತ್ತದೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ (2 ಜಿಬಿಗಿಂತ ದೊಡ್ಡ, ನನ್ನ 32 ಜಿಬಿಯಂಥ) ಕಾರ್ಡಿಗೆ 512 ಬೈಟಿನ ಬ್ಲಾಕ್ ಲೆಕ್ಕದಲ್ಲಿ ಹೇಳಬೇಕು. ಸ್ಲಾಟಿನಲ್ಲಿ ಎರಡೂ ಟಕ್ ಅಂತ ಕೂರುತ್ತವೆ, ಆದರೆ ಹೊಸ ಕಾರ್ಡಿನ ಭಾಷೆ ಹಳೆ ಕ್ಯಾಮೆರಾಗೆ ಬರೋದಿಲ್ಲ! ಇದು ಗೊತ್ತಿದ್ದರೆ ಪಾರ್ಟಿಷನ್ ಗೋಜಿಗೇ ಹೋಗುತ್ತಿರಲಿಲ್ಲ.

ಡ್ರಾಯರ್ ತಡಕಾಡಿದಾಗ 1 ಜಿಬಿಯ ಕಾರ್ಡ್ ಸಿಕ್ಕಿತು. ಮೇಲೆ ಬರೀ ‘ಎಸ್‌ಡಿ’ ಎಂದಿದೆ, ‘ಎಚ್‌ಸಿ’ ಇಲ್ಲ. ಮೊದಲ ಸಲ ಅದೂ ಎರರ್ ಕೊಟ್ಟಿತು, ಎದೆ ಧಸಕ್ಕೆಂದಿತು. ನೋಡಿದರೆ ಕಾರ್ಡಿನ ಪಕ್ಕದ ಲಾಕ್ (ಕಾರ್ಡಿಗೆ ಬರೆಯದಂತೆ ತಡೆಯುವ ಗುಂಡಿ) ಕೆಳಗೆ ಜಾರಿತ್ತು, ಅಷ್ಟೇ. ಅದನ್ನು ಮೇಲೆ ತಳ್ಳಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಕೊಟ್ಟೆ. ಈಗ ಪರದೆಯ ಮೂಲೆಯಲ್ಲಿ 412 ಫೋಟೋಗಳಿಗೆ ಜಾಗ ಇದೆ ಎಂದು ತೋರಿಸುತ್ತಿದೆ. ಇಷ್ಟು ಸಾಕಲ್ವಾ?

2 ಜಿಬಿ ಕಾರ್ಡ್ ಹುಡುಕುವ ಯೋಚನೆ ಕೈಬಿಟ್ಟೆ. ಎಸ್‌ಡಿ ಮಿತಿ ಅಲ್ಲಿಯವರೆಗೆ ಇದ್ದರೂ, 1 ಜಿಬಿ ದಾಟಿದರೆ ಮುನಿಸಿಕೊಳ್ಳುವ ಹಳೆ ಕ್ಯಾಮೆರಾಗಳೂ ಇವೆಯಂತೆ. ಇನ್ನು ಉಳಿದಿದ್ದು ಒಂದೇ ಕಾಟ: ಬ್ಯಾಟರಿ ತೆಗೆದಾಗಲೆಲ್ಲ ತಾರೀಖು 2004ಕ್ಕೆ ವಾಪಸ್ ಹೋಗುತ್ತದೆ.